ಸಗಮಿಹಾರಾದ ಫೈರಿಂಗ್ ರೇಂಜಿನಲ್ಲಿ ಅಮ್ಮ

ಅಮ್ಮ ಜಪಾನಿಗೆ ಬರಲು ಒಪ್ಪುವುದಕ್ಕೆ ಬಹಳ ಕಾಲ ಹಿಡಿಯಿತು. ಸಗಮಿಹಾರಾದ ಬಾಹ್ಯಾಕಾಶ ಸಂಶೋಧನೆಯ ಕ್ಯಾಂಪಸ್ಸಿಗೆ ಸಾಫ್ಟ್‌ವೇರ್ ಬರೆಯಲೆಂದು ನಾನು ಬಂದದ್ದು ಆ ದೊಡ್ಡ ಭೂಕಂಪವಾದ ಮರುವರ್ಷ. ಸಮುದ್ರ ಊರೊಳಗೆ ನುಗ್ಗಿ ಮನೆಗಳನ್ನು ಎತ್ತಿಕೊಂಡು ಹೋದದ್ದನ್ನು ಟೀವಿಯಲ್ಲಿ ನೋಡಿದ್ದ ಅಮ್ಮ, ಕರೆದಾಗಲೆಲ್ಲ “ಅಲ್ಲಿ ನೆಲ ಸುಮ್ಮನಾಗ್ಲಿ, ಆಮೇಲೆ ಬರ್ತೀನಿ” ಅನ್ನುತ್ತಿದ್ದಳು. ನೆಲ ಸುಮ್ಮನಾಗುವ ಮೊದಲೇ ಅವಳಿಗೆ ನಿವೃತ್ತಿಯಾಯಿತು. ಮೈಸೂರಿನಲ್ಲಿ ತನ್ನ ತಂಗಿಯ ಮನೆಯ ಮೇಲಿನ ಮಹಡಿಯಲ್ಲಿ ಕೆಲವು ತಿಂಗಳು ಸುಮ್ಮನೆ ಕೂತು ನೋಡಿದಳು. ಅದು ಸಾಧ್ಯವಾಗದೆ ಒಂದು ಫೆಬ್ರವರಿಯಲ್ಲಿ, ಸೀರೆಯ ಮೇಲೆ ಎರಡು ಸ್ವೆಟರ್ ಹಾಕಿಕೊಂಡು ಬಂದಿಳಿದಳು.

ಅಮ್ಮ ಪೊಲೀಸ್ ಇಲಾಖೆಯಲ್ಲಿದ್ದವಳು. ಮಹಿಳಾ ಪೇದೆಯಾಗಿ ಸೇರಿ ಎ.ಎಸ್.ಐ. ಆಗಿ ಹೊರಬಂದಳು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರಿಂದ ನಮ್ಮ ಮನೆಯೆಂದರೆ ನಾನು, ಅಮ್ಮ ಮತ್ತು ಗಂಜಿ ಹಾಕಿದ ಖಾಕಿ ಬಟ್ಟೆ. ಶಾಲೆಯಲ್ಲಿ ಮಕ್ಕಳು “ನಿಮ್ಮಮ್ಮ ಕಳ್ಳರನ್ನ ಹಿಡೀತಾರಾ?” ಎಂದು ಕೇಳುತ್ತಿದ್ದರು. ಅಮ್ಮ ಹಿಡಿದದ್ದಕ್ಕಿಂತ ಕಾದದ್ದೇ ಹೆಚ್ಚು. ಹೆಣ್ಣು ಕೈದಿಗಳನ್ನು ಕೋರ್ಟಿಗೆ ಕರೆದೊಯ್ಯುವುದು, ಆಸ್ಪತ್ರೆ ಬಾಗಿಲಲ್ಲಿ ಕೂರುವುದು, ದಸರೆ ಬಂದರೆ ಬಿಸಿಲಲ್ಲಿ ಬಂದೋಬಸ್ತ್. ವರ್ಷಕ್ಕೊಮ್ಮೆ ಮಾತ್ರ “ನಾಳೆ ಫೈರಿಂಗ್” ಎಂದು ಹೇಳಿ ಬೆಳಗಿನ ಜಾವ ಹೊರಡುತ್ತಿದ್ದಳು. ಸಂಜೆ ಬಂದು ಬಿಸಿ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಬಲ ಭುಜಕ್ಕೆ ಒತ್ತಿಕೊಳ್ಳುತ್ತಿದ್ದಳು. ಅಲ್ಲಿ ಕಂದುಗಟ್ಟಿದ ಗುರುತು ಇರುತ್ತಿತ್ತು. ಗುರಿ ತಾಗಿತೋ ಇಲ್ಲವೋ, ನಾನೂ ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ. ಆ ದಿನ ರಾತ್ರಿ ಅಡುಗೆ ಚಿತ್ರಾನ್ನ ಎಂಬುದು ಮಾತ್ರ ನನಗೆ ಗೊತ್ತಿತ್ತು.

ಸಗಮಿಹಾರಾದಲ್ಲಿ ಅವಳಿಗೆ ಬೇಗ ಹೊಂದಿಕೆಯಾಯಿತು. ಕಸ ಯಾವ ದಿನ ಯಾವುದು ಎಂಬುದನ್ನು ನನಗಿಂತ ಚೆನ್ನಾಗಿ ಕಲಿತಳು. ಕೊಂಬಿನಿ ಎಂಬ ಹಗಲುರಾತ್ರಿಯ ದಿನಸಿ ಅಂಗಡಿಯ ಹುಡುಗಿಗೆ “ಅರಿಗಾತೋ” ಎಂದು ಥ್ಯಾಂಕ್ಸ್ ಹೇಳಿ, ಹಾಲು ತಂದು, ಸ್ಟೇಷನ್ನಿನವರೆಗೆ ನಡೆದುಹೋಗಿ ಬರುತ್ತಿದ್ದಳು. ಸ್ಟೇಷನ್ ಎದುರಿಗೆ ಒಂದು ಪುಟ್ಟ ಪೊಲೀಸ್ ಚೌಕಿ ಇದೆ. ಅಮ್ಮ ದಿನವೂ ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು.

ಒಂದು ಸಂಜೆ ಕಾಫಿ ಕುಡಿಯುತ್ತಾ ಹೇಳಿದಳು, “ಆ ಪೊಲೀಸಿನವನು ರಿವಾಲ್ವರಿಗೆ ದಾರ ಕಟ್ಕೊಂಡಿದಾನೆ, ನೋಡಿದೀಯಾ? ಸುರುಳಿ ದಾರ. ಬೆಲ್ಟಿಗೆ ಸೇರ್ಸಿ.”

“ಯಾರಾದ್ರೂ ಕಿತ್ಕೊಂಡು ಹೋಗ್ಬಾರ್ದು ಅಂತ ಇರ್ಬೇಕಮ್ಮ.”

“ಅದು ಗೊತ್ತು. ನಮಗೂ ಇತ್ತು. ಇವನದು ಎಷ್ಟು ಚಿಕ್ಕದು ಅಂತ ನೋಡ್ತಿದ್ದೆ.” ಅಮ್ಮ ತನ್ನ ಅಂಗೈಯನ್ನು ಬಿಡಿಸಿ ನೋಡಿಕೊಂಡಳು. “ಕೊನೇಗೆ ನನಗೆ ಕೊಟ್ಟಿದ್ದ ಪಿಸ್ತೂಲು ಗಂಡಸರ ಕೈಗೆ ಮಾಡಿದ್ದು. ಹಿಡಿದ್ರೆ ನನ್ನ ಬೆರಳು ಟ್ರಿಗರ್‌ಗೆ ತುದೀಲಿ ಮಾತ್ರ ಸಿಗೋದು.”

ಮರುದಿನ ಊಟದ ಹೊತ್ತಿಗೆ ಇದನ್ನು ನನ್ನ ಸಹೋದ್ಯೋಗಿಗೆ ಹೇಳಿದೆ. ಉಪಗ್ರಹದಲ್ಲಿ ಕ್ಯಾಮೆರಾ ಕೂರುವ ಚೌಕಟ್ಟನ್ನು ಮಾಡುವ ಹಿರಿಯ ಎಂಜಿನಿಯರ್ ಅವರು. ಐವತ್ತು ದಾಟಿದವರು, ಮಿತಭಾಷಿ. ನನ್ನ ಮಾತು ಮುಗಿಯುವಷ್ಟರಲ್ಲಿ ಅವರ ಕೈಯ ಚಾಪ್‌ಸ್ಟಿಕ್ ತಟ್ಟೆಯ ಮೇಲೆ ನಿಂತುಬಿಟ್ಟಿತ್ತು.

“ನಿಮ್ಮ ತಾಯಿ ನಿಜವಾದ ಪಿಸ್ತೂಲು ಹಾರಿಸಿದ್ದಾರೆಯೇ?” ಎಂದು ಕೇಳಿದರು. ಹೌದು ಅಂದೆ. ಆಮೇಲೆ ಸ್ವಲ್ಪ ನಾಚಿಕೆಯಿಂದ, ತಮಗೆ ಆಟಿಕೆ ಪಿಸ್ತೂಲುಗಳ ಹವ್ಯಾಸ ಇದೆ ಎಂದರು. ಈ ದೇಶದಲ್ಲಿ ಸಾಮಾನ್ಯ ಜನ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಅದರ ತದ್ರೂಪನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿ, ಒಳಗೆ ಗ್ಯಾಸ್ ತುಂಬಿ, ಸಾಬೂದಾನಿಯಷ್ಟು ದಪ್ಪದ ಬಿಳಿ ಗುಂಡುಗಳನ್ನು ಹಾರಿಸುತ್ತಾರೆ. ಅಂಥದ್ದನ್ನು ಮಾರುವ ಅಂಗಡಿ ಇಲ್ಲೇ ಹತ್ತಿರದಲ್ಲಿದೆ, ಹಿಂದುಗಡೆ ರೇಂಜ್ ಕೂಡ ಇದೆ, ಅಂಗೈಯಲ್ಲಿ ಮುಚ್ಚಿಹೋಗುವಂಥ ಹೊಸ ಪಿಸ್ತೂಲು ಈ ವಾರ ಬಂದಿದೆ, ಶನಿವಾರ ಅದನ್ನು ನೋಡಲು ಹೋಗುವವನಿದ್ದೆ ಎಂದರು. “ಒಕಾಸಾನ್‌ಗೆ ಅಭ್ಯಂತರವಿಲ್ಲದಿದ್ದರೆ,” ಎಂದು ತಲೆ ಬಾಗಿಸಿದರು. ಅಮ್ಮನನ್ನು ಅವರು ಆವತ್ತಿನಿಂದಲೇ ಒಕಾಸಾನ್ ಎಂದರು, ಅಂದರೆ ಅಮ್ಮ.

ಆಟಿಕೆ ಎಂದು ಕೇಳಿ ಅಮ್ಮ ನಕ್ಕಳು. ಆದರೂ ಶನಿವಾರ ಬೆಳಿಗ್ಗೆ ನನಗಿಂತ ಮೊದಲೇ ತಲೆ ಬಾಚಿ, ಸೀರೆಗೆ ಪಿನ್ ಹಾಕಿ, ಓಡಾಡುವ ಬೂಟು ತೊಟ್ಟು ಕೂತಿದ್ದಳು.

ಅಂಗಡಿ ಎರಡನೆಯ ಮಹಡಿಯಲ್ಲಿತ್ತು. ಗೋಡೆಯುದ್ದಕ್ಕೂ ಬಂದೂಕುಗಳು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮೈಸೂರಿನ ಠಾಣೆಯ ಶಸ್ತ್ರಾಗಾರದ ಮುಂದೆ ಚಿಕ್ಕಂದಿನಲ್ಲಿ ಒಮ್ಮೆ ಹಾದುಹೋಗಿದ್ದೆ. ಅಲ್ಲಿ ಕೂಡ ಇಷ್ಟಿರಲಿಲ್ಲ. ಸ್ಕ್ರೂ, ಗೀರು, ಅಚ್ಚಿನ ಸಂಖ್ಯೆ, ಎಣ್ಣೆಯ ಹೊಳಪು, ಯಾವುದರಲ್ಲೂ ಸುಳ್ಳೆಂದು ಹೇಳುವಂಥದ್ದಿರಲಿಲ್ಲ. ಅಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದೊಂದನ್ನೇ ನೋಡುತ್ತ ಗೋಡೆಯುದ್ದಕ್ಕೂ ನಡೆದಳು. “ಇಷ್ಟೊಂದು ಪ್ರೀತಿ ಇದೆ ಇವರಿಗೆ,” ಎಂದು ಮೆಲ್ಲಗೆ ಹೇಳಿದಳು. “ಒಂದರಿಂದಲೂ ಒಬ್ಬನೂ ಸತ್ತಿಲ್ಲ.”

ಅಂಗಡಿಯ ಮಾಲೀಕರು ಬೋಳುತಲೆಯ, ಏಪ್ರನ್ ಕಟ್ಟಿಕೊಂಡ ಮನುಷ್ಯ. ಸಹೋದ್ಯೋಗಿ ಅವರ ಕಿವಿಯಲ್ಲಿ ಏನೋ ಹೇಳಿದರು. ಅವರು ಅಮ್ಮನ ಕಡೆ ನೋಡಿ ಬಾಗಿ ನಮಸ್ಕರಿಸಿ, ಹೊಸ ಪಿಸ್ತೂಲನ್ನು ಒಂದು ಬಟ್ಟೆಯ ಮೇಲಿಟ್ಟು ತಂದರು. ಕಪ್ಪು, ಗಿಡ್ಡ, ತುಂಡು ಮೂತಿಯದು. ಗುಂಡೂ ಗ್ಯಾಸೂ ತುಂಬುವ ಅದರ ಮ್ಯಾಗಝೀನನ್ನು ಬೇರೆಯಾಗಿ ಒಂದು ಬಿಸಿ ಹಾಸಿನ ಮೇಲೆ ಇಟ್ಟಿದ್ದರು. ಚಳಿಗೆ ಗ್ಯಾಸ್ ಶಕ್ತಿ ಕಳೆದುಕೊಳ್ಳುತ್ತದೆ, ಅದಕ್ಕೆ ಬೆಚ್ಚಗಿಡಬೇಕು ಎಂದು ಅವರು ವಿವರಿಸಿದ್ದನ್ನು ನಾನು ಅಮ್ಮನಿಗೆ ಹೇಳಿದೆ. “ಮಗುವಿನ ಹಾಲಿನ ಬಾಟಲಿ ಥರ,” ಅಂದಳು ಅಮ್ಮ.

ಆಮೇಲೆ ಅವಳು ಪಿಸ್ತೂಲನ್ನು ಎತ್ತಿಕೊಂಡಳು.

ಎತ್ತಿಕೊಂಡ ಆ ಒಂದು ಗಳಿಗೆಯನ್ನು ನಾನು ಮರೆಯಲಾರೆ. ಮೂತಿ ನೆಲದ ಕಡೆಗೆ ಹೋಯಿತು. ತೋರುಬೆರಳು ಟ್ರಿಗರ್ ಮುಟ್ಟದೆ ಪಕ್ಕದಲ್ಲಿ ನೆಟ್ಟಗೆ ಮಲಗಿತು. ಎಡಗೈ ಹಿಡಿಯ ತಳವನ್ನು ಸವರಿ ಅಲ್ಲಿ ಮ್ಯಾಗಝೀನ್ ಇಲ್ಲವೆಂದು ತಿಳಿದುಕೊಂಡಿತು. ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು, ಗುಂಡು ಕೂರುವ ಜಾಗವನ್ನು ಕಣ್ಣಿಂದ ನೋಡಿ, ಮತ್ತೆ ಕಿರುಬೆರಳನ್ನು ಒಳಗಿಟ್ಟು ನೋಡಿದಳು. ಇಷ್ಟನ್ನೂ ಮಾಡುವಾಗ ಅವಳು ಮಾಲೀಕರ ಹತ್ತಿರ ಬೆಲೆ ಕೇಳೆಂದು ನನಗೆ ಹೇಳುತ್ತಿದ್ದಳು. ಕೈ ತನ್ನ ಪಾಡಿಗೆ ತನ್ನ ಕೆಲಸ ಮಾಡಿತ್ತು.

ಮಾಲೀಕರು ಬೆಲೆ ಹೇಳಲಿಲ್ಲ. ಅಮ್ಮನ ಕೈಯನ್ನೇ ನೋಡುತ್ತಿದ್ದರು. ಅಂಗಡಿಯಲ್ಲಿ ಸಣ್ಣಗೆ ಹಾಡು ಕೇಳಿಬರುತ್ತಿತ್ತು. ಅವರು ಹೋಗಿ ಅದನ್ನು ನಿಲ್ಲಿಸಿ ಬಂದರು.

ರೇಂಜ್ ಎಂದರೆ ಹಿಂದಿನ ಒಂದು ಉದ್ದ ಕೋಣೆ. ಕೊನೆಯಲ್ಲಿ ಕಾಗದದ ಗುರಿ, ಅದರ ಹಿಂದೆ ದಪ್ಪ ಪರದೆ. ಎಲ್ಲರೂ ಕನ್ನಡಕ ಹಾಕಿಕೊಂಡೆವು. ಮೊದಲು ಸಹೋದ್ಯೋಗಿ ಹಾರಿಸಿ ತೋರಿಸಿದರು. ಟಪ್ ಎಂಬ ಸದ್ದು, ಸ್ಲೈಡ್ ಹಿಂದಕ್ಕೆ ಹಾರಿ ಮುಂದಕ್ಕೆ ಬಂದು ಕೂತುಕೊಳ್ಳುವುದು, ಎಲ್ಲವೂ ನಿಜದಂತೆಯೇ ಎಂದು ಅವರು ಸಂತೋಷದಿಂದ ಹೇಳಿದರು.

ಅಮ್ಮನ ಮೊದಲ ಗುಂಡುಗಳು ಕಾಗದಕ್ಕೇ ತಾಗಲಿಲ್ಲ. ಒಂದೆರಡು ಪರದೆಗೆ ಬಡಿದವು, ಒಂದು ಗುರಿಯ ಚೌಕಟ್ಟಿಗೆ ತಾಗಿ ಪುಟಿಯಿತು. ಅವಳ ಮುಖ ಬಿಗಿಯಿತು. “ತೂಕ ಇಲ್ಲ ಇದಕ್ಕೆ,” ಅಂದಳು. “ಇದು ಒದೆಯುತ್ತೆ ಅಂತ ನಾನು ಮೊದಲೇ ಕೈ ಬಿಗೀತಿದೀನಿ. ಇದು ಒದೆಯೋದೇ ಇಲ್ಲ.” ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಮಣಿಕಟ್ಟು ನೀವಿಕೊಂಡು ನಿಂತಳು. ನನಗೆ ಪೇಚಾಯಿತು. ಸಾಕು, ಹೋಗೋಣ ಅನ್ನುತ್ತಾಳೇನೋ ಎಂದುಕೊಂಡೆ.

ಆಗ ಸಹೋದ್ಯೋಗಿ, ಬಹಳ ಹೊತ್ತಿನಿಂದ ತಡೆದಿಟ್ಟುಕೊಂಡಿದ್ದಂತೆ, ನನ್ನತ್ತ ತಿರುಗಿ ಕೇಳಿದರು: “ಸುಮಿಮಾಸೆನ್, ಕ್ಷಮಿಸಿ. ನಿಜವಾದದ್ದು ಹೇಗಿರುತ್ತದೆ ಎಂದು ಒಕಾಸಾನ್ ಹೇಳಬಹುದೇ? ನನಗೆ ಗೊತ್ತಿರುವವರಲ್ಲಿ ನಿಜವಾದದ್ದನ್ನು ಹಾರಿಸಿದವರು ಬೇರೆ ಯಾರೂ ಇಲ್ಲ.”

ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ ಸ್ವಲ್ಪ ಯೋಚಿಸಿದಳು.

“ಸದ್ದು ಕಿವಿಗೆ ಬರಲ್ಲ, ಎದೆಗೆ ಬರುತ್ತೆ ಅಂತ ಹೇಳು. ಆಮೇಲೆ ಬಾಯಲ್ಲಿ ಹಳೇ ಕಾಸು ಇಟ್ಕೊಂಡ ಹಾಗೆ ರುಚಿ. ಮನೆಗೆ ಹೋಗಿ ಏನಾದ್ರೂ ಹುಳಿ ತಿಂದ್ರೇನೇ ಹೋಗೋದು.”

ಚಿತ್ರಾನ್ನ ಏಕೆಂದು ನನಗೆ ಆಗ ತಿಳಿಯಿತು. ನಾನು ಅನುವಾದಿಸಿ ಮುಗಿಸಿದರೂ ಅಮ್ಮ ಮುಗಿಸಿರಲಿಲ್ಲ. ಗುರಿಯ ಕಾಗದದ ಕಡೆಗೇ ನೋಡುತ್ತ ಮಾತಾಡತೊಡಗಿದಳು.

“ಒಂದ್ಸಲ ಬಸ್‌ಸ್ಟ್ಯಾಂಡ್ ಹತ್ರ ಗಲಾಟೆ ಆಯ್ತು. ನೀನಾಗ ಪ್ರೈಮರಿಲಿ ಇದ್ದೆ. ಗಂಡಸರು ಸಾಲದೆ ನಮ್ಮನ್ನೂ ಸಾಲಾಗಿ ನಿಲ್ಸಿದ್ರು. ಲೋಡ್ ಅಂದ್ರು, ಮಾಡಿದ್ವಿ. ಗುರಿ ಇಡಿ ಅಂದ್ರು, ಇಟ್ವಿ. ನನ್ನ ಬಂದೂಕಿನ ತುದೀಲಿ ಒಬ್ಬ ನಿಂತಿದ್ದ. ಹಸಿರು ಸ್ವೆಟರ್. ಕೈಲಿ ಕಲ್ಲಿತ್ತು. ಅವನಿಗೆ ನಾನು ಕಾಣ್ತಿದ್ದೆ, ನನಗೆ ಅವನು ಕಾಣ್ತಿದ್ದ. ಫೈರ್ ಅನ್ನೋ ಮಾತಿಗೆ ಕಾಯ್ತಾ ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಆವಾಗ ನನ್ನ ಕೈ ಒಂಚೂರೂ ನಡುಗ್ಲಿಲ್ಲ. ಅದೇ ನನಗೆ ಭಯ ಆಗಿದ್ದು.”

“ಆಮೇಲೆ?” ಎಂದೆ.

“ಆಮೇಲೇನು. ಅವನು ಕಲ್ಲು ಕೆಳಗೆ ಹಾಕಿ ತಿರುಗಿ ಹೋದ. ಅವನ ಹಿಂದೆ ಇನ್ನೊಬ್ಬ ಹೋದ. ಸಾಹೇಬರು ಬಂದೂಕು ಇಳಿಸಿ ಅಂದ್ರು. ನಾನು ಮನೆಗೆ ಬಂದು ನಿನಗೆ ಲೆಕ್ಕದ ಹೋಂವರ್ಕ್ ಮಾಡಿಸ್ದೆ.”

ಆ ಸಂಜೆ ಯಾವುದೆಂದು ನೆನಪಿಸಿಕೊಳ್ಳಲು ನಾನು ಎಷ್ಟೋ ಪ್ರಯತ್ನಿಸಿದೆ. ಅಮ್ಮ ಹೋಂವರ್ಕ್ ಮಾಡಿಸಿದ ಸಂಜೆಗಳೆಲ್ಲ ಒಂದೇ ಥರ ಇದ್ದವು. ಅದರಲ್ಲಿ ಒಂದು ಸಂಜೆ, ನನ್ನ ಪಕ್ಕ ಕೂತು ಭಾಗಾಕಾರ ಹೇಳಿಕೊಟ್ಟವಳು ಒಬ್ಬ ಮನುಷ್ಯನ ಜೀವವನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡಿದ್ದು ಬಿಟ್ಟು ಬಂದವಳಾಗಿದ್ದಳು.

ನಾನು ಇದನ್ನು ಜಪಾನಿಯಲ್ಲಿ ಹೇಳುವಾಗ ಎರಡು ಕಡೆ ತಡವರಿಸಿದೆ. ಸಹೋದ್ಯೋಗಿಯೂ ಮಾಲೀಕರೂ ಇಬ್ಬರೂ ಅಮ್ಮನ ಕಡೆ ತಿರುಗಿ ಬಾಗಿದರು, ಅಂಗಡಿಯ ಉಪಚಾರದ ಬಾಗುವಿಕೆಯಲ್ಲ, ಅದಕ್ಕಿಂತ ಆಳವಾಗಿ, ನಿಧಾನವಾಗಿ. ಅಮ್ಮ ಏನು ಮಾಡಬೇಕೆಂದು ತಿಳಿಯದೆ ಕೈ ಮುಗಿದಳು.

ಮಾಲೀಕರು ಬೆಚ್ಚಗಿದ್ದ ಇನ್ನೊಂದು ಮ್ಯಾಗಝೀನನ್ನು ತಂದು ಎರಡೂ ಕೈಯಲ್ಲಿ ಕೊಟ್ಟರು.

ಈ ಸಲ ಅಮ್ಮ ಅವಸರ ಮಾಡಲಿಲ್ಲ. ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಕಾಲುಗಳನ್ನು ಭುಜದಗಲ ಇಟ್ಟು ನೆಲವನ್ನು ಬೂಟಿನಿಂದ ಒಮ್ಮೆ ಒತ್ತಿ ನೋಡಿದಳು. ಪಿಸ್ತೂಲು ಗಿಡ್ಡವಾದ್ದರಿಂದ ಕಿರುಬೆರಳಿಗೆ ಅದರಲ್ಲಿ ಜಾಗವಿರಲಿಲ್ಲ. ಅದನ್ನು ತಳಕ್ಕೆ ಮಡಚಿಟ್ಟಳು. ಉಳಿದ ಬೆರಳುಗಳೆಲ್ಲ ತಮ್ಮ ತಮ್ಮ ಜಾಗ ಹುಡುಕಿ ಕೂತವು. “ಕೈಗೆ ಸರಿಯಾಗಿ ಕೂತಿದೆ ಕಣೆ,” ಎಂದು ನನಗೆ ಹೇಳಿದಳು, ಬಳೆ ಅಂಗಡಿಯಲ್ಲಿ ಹೇಳುವಂತೆ.

ಉಸಿರನ್ನು ಎಳೆದು ಅರ್ಧ ಬಿಟ್ಟಳು. ಆಮೇಲೆ ಅವಳು ನಿಂತ ನಿಲುವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸಕ್ಕರೆ ಕಾಯಿಲೆಯ, ಮಂಡಿನೋವಿನ, ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿಯುವ ನನ್ನಮ್ಮನ ಒಳಗೆ ಎಲ್ಲವೂ ನಿಂತುಹೋಗಿತ್ತು. ರೆಪ್ಪೆ ಕೂಡ ಬಡಿಯುತ್ತಿರಲಿಲ್ಲ. ನಾನೂ ಉಸಿರು ಹಿಡಿದೆ. ಟ್ರಿಗರ್ ಎಳೆದದ್ದು ಕಣ್ಣಿಗೆ ಕಾಣಲೇ ಇಲ್ಲ. ಸದ್ದು ಮಾತ್ರ ಬಂತು. ಮತ್ತೆ ಅದೇ ಮೌನ, ಮತ್ತೆ ಸದ್ದು. ಮ್ಯಾಗಝೀನ್ ಖಾಲಿಯಾಗಿ ಸ್ಲೈಡ್ ಹಿಂದಕ್ಕೆ ನಿಂತಾಗ ಅವಳು ಮೂತಿಯನ್ನು ನೆಲಕ್ಕಿಳಿಸಿ, ಮತ್ತೆ ಒಳಗೆ ನೋಡಿ, ಮೇಜಿನ ಮೇಲಿಟ್ಟಳು.

ಮಾಲೀಕರು ಕಾಗದವನ್ನು ತಂದರು. ನಡುವಿನಿಂದ ಸ್ವಲ್ಪ ಎಡಕ್ಕೆ, ಒಂದರ ಮೇಲೊಂದು ತೂತು ಬಿದ್ದು, ಲಿಂಬೆಹಣ್ಣು ತೂರುವಷ್ಟು ದೊಡ್ಡ ಹರಕು ಆಗಿತ್ತು. ಅದರ ಹೊರಗೆ ಒಂದೇ ಒಂದು ತೂತು.

“ಅದು ಎರಡನೇದು,” ಅಂದಳು ಅಮ್ಮ. “ಉಸಿರು ತಪ್ಪಿತ್ತು.”

ಆಮೇಲಿನ ಸಮಯವೆಲ್ಲ ಸಹೋದ್ಯೋಗಿಯದು. ಅವರು ಮತ್ತೆ ನಿಂತಾಗ ಅಮ್ಮ ಹಿಂದಿನಿಂದ ಹೋಗಿ ಅವರ ಎಡಗಾಲನ್ನು ತನ್ನ ಬೂಟಿನಿಂದ ಮೆಲ್ಲಗೆ ತಳ್ಳಿ ಅಗಲ ಮಾಡಿದಳು. ಭುಜಕ್ಕೆ ಎರಡು ಬೆರಳಿಟ್ಟು ಕೆಳಗೊತ್ತಿದಳು. “ಹಿಂಡ್ಬೇಡಿ. ಮೆಲ್ಲಗೆ ಒತ್ತಿ. ಸದ್ದು ಬಂದಾಗ ನಿಮಗೇ ಆಶ್ಚರ್ಯ ಆಗ್ಬೇಕು,” ಎಂದು ಕನ್ನಡದಲ್ಲೇ ಹೇಳಿದಳು. ನಾನು ಅನುವಾದಿಸುವ ಮೊದಲೇ ಅವರು “ಹಾಯ್” ಎಂದು, ಅಂದರೆ ಸರಿ ಎಂದು, ಒಪ್ಪಿಕೊಂಡರು. ಉಪಗ್ರಹದ ಚೌಕಟ್ಟಿನಲ್ಲಿ ಕೂದಲೆಳೆಯ ತಪ್ಪನ್ನೂ ಬಿಡದ ಮನುಷ್ಯ ಶಾಲೆಯ ಹುಡುಗನಂತೆ ನೆಟ್ಟಗೆ ನಿಂತಿದ್ದರು. ಅವರ ಗುಂಡುಗಳು ಕಾಗದದ ತುಂಬ ಚೆದುರಿದ್ದವು, ಕೊನೆಕೊನೆಗೆ ಒಂದು ಕಡೆ ಸೇರತೊಡಗಿದವು. ಅಮ್ಮ ಅವರಿಗೆ “ಗುಡ್” ಅಂದಳು. ಅವರ ಮುಖ ನೋಡಬೇಕಿತ್ತು.

ಪಿಸ್ತೂಲನ್ನು ಕೊಳ್ಳೋಣವೇ ಎಂದು ಕೇಳಿದೆ. ಅಮ್ಮ ಬೇಡ ಅಂದಳು. ಮನೆಯಲ್ಲಿ ಅದನ್ನು ಎಲ್ಲಿಡುವುದು, ಮೈಸೂರಿಗೆ ಒಯ್ದರೆ ವಿಮಾನ ನಿಲ್ದಾಣದಲ್ಲಿ ಯಾರು ನಂಬುತ್ತಾರೆ ಎಂದಳು. ಆದರೆ ಮುಂದಿನ ಶನಿವಾರ ಅಂಗಡಿ ಎಷ್ಟು ಹೊತ್ತಿಗೆ ತೆಗೆಯುತ್ತಾರೆಂದು ಕೇಳಿ ತಿಳಿದುಕೊಂಡಳು. ಆಮೇಲಿನ ಶನಿವಾರಗಳಲ್ಲಿ ನಾನು ಇರಲಿ ಬಿಡಲಿ, ಅವಳೊಬ್ಬಳೇ ಬಸ್ಸಿನಲ್ಲಿ ಹೋಗಿ ಬಂದಳು. ಭಾಷೆ ಹೇಗೆ ಎಂದರೆ, “ರೇಂಜಲ್ಲಿ ಮಾತಾಡಬಾರದು” ಅಂದಳು.

ಮೊದಲ ಶನಿವಾರದ ಸಂಜೆ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ, ಅಮ್ಮ ಹಾಲ್‌ನಲ್ಲಿ ಮೈಸೂರಿಗೆ ಫೋನ್ ಮಾಡಿದಳು. ಅವಳ ಜೊತೆಗೇ ಇಲಾಖೆಗೆ ಸೇರಿ, ಅವಳ ಜೊತೆಗೇ ನಿವೃತ್ತಳಾದ ಗೆಳತಿಯೊಬ್ಬಳಿಗೆ.

“ಅಂಗೈಯಲ್ಲಿ ಮುಚ್ಚೋಗುತ್ತೆ ಕಣೆ,” ಎನ್ನುತ್ತಿದ್ದಳು. “ಗುರಿ ನೋಡೋ ಸೈಟ್ ಎಷ್ಟು ಚೆನ್ನಾಗಿ ಕಾಣುತ್ತೆ ಅಂತೀಯಾ. ನಮಗೆ ಯಾಕೆ ಕೊಡ್ಲಿಲ್ಲ ಇಂಥದ್ದು. ಹ್ಞೂಂ, ಎಡಕ್ಕೇ ಬಿತ್ತು, ನನ್ನದು ಯಾವತ್ತೂ ಎಡಕ್ಕೇ ಅಲ್ವಾ. ನಿಂದು? ನಿಂದು ಮಣ್ಣಿನ ದಿಬ್ಬಕ್ಕೆ. ಸಾಹೇಬರು ನಿನ್ನ ಗುಂಡು ಹುಡುಕೋಕೆ ಗುದ್ದಲಿ ತರಿಸ್ಬೇಕು ಅಂದಿರ್ಲಿಲ್ವಾ.”

ಆ ಕಡೆಯಿಂದ ಏನು ಬಂತೋ, ಅಮ್ಮ ಗೊಳ್ಳೆಂದು ನಕ್ಕಳು. ಅಷ್ಟು ಸಲೀಸಾದ, ಹುಡುಗಾಟದ ದನಿ ಅವಳಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಸಾಸಿವೆ ಸಿಡಿಯುವ ಸದ್ದಿಗೆ ಮಾತು ಕೇಳಿಸದೆ, ನಾನು ಒಲೆಯನ್ನು ಆರಿಸಿ ಬಾಗಿಲ ಬಳಿ ಬಂದು ನಿಂತೆ.