ಇಸ್ತ್ರಿ ಹಾಕಿದ ಕಾಲುಚೀಲ

ಮಾರಮ್ಮನ ಒಕ್ಕಲಿನವರಿಗೆಲ್ಲ ಚಾಮರಾಜಪೇಟೆಯ ಇಸ್ತ್ರಿ ಲಕ್ಷ್ಮಮ್ಮ ಮಾಡುವ ನಮಸ್ಕಾರ. ಕಳೆದ ಯುಗಾದಿ ಮುಗಿದ ವಾರ ನನ್ನ ಎಡ ಸೊಂಟ ಕೈಕೊಟ್ಟಿತು. ಯಜಮಾನರು ತೀರಿಕೊಂಡಾಗಿನಿಂದ ಬೆಳಗಿನಿಂದ ಸಂಜೆಯವರೆಗೆ ಇಸ್ತ್ರಿ ಬಂಡಿಯ ಮುಂದೆ ನಿಂತೇ ಬದುಕಿದವಳು ನಾನು. ಎಕ್ಸ್‌ರೇ ನೋಡಿದ ಡಾಕ್ಟರು, ಕೀಲು ಪೂರ್ತಿ ಸವೆದಿದೆ, ಬದಲಾಯಿಸಬೇಕು ಎಂದರು. ಮಾಡಿ ಸಾರ್ ಎಂದೆ. ಆಗ ಅವರ ಕಣ್ಣು ನನ್ನ ಎಡಗಾಲಿನ ಮೇಲೆ ಬಿತ್ತು. ಮಂಡಿಯ ಕೆಳಗೆ ಗಂಟುಗಂಟಾಗಿ ಉಬ್ಬಿದ ನೀಲಿ ನರ, ಪಾದದ ಮೇಲಿನ ಹರಡಿನ ಹತ್ತಿರ ವರ್ಷದಿಂದ ಆರದ ಹುಣ್ಣು.

“ಮೊದ್ಲು ಕಾಲು ಸರಿಯಾಗ್ಬೇಕಮ್ಮ. ಈ ಹುಣ್ಣು ಇಟ್ಕೊಂಡು ಸೊಂಟಕ್ಕೆ ಕೈ ಹಾಕಿದ್ರೆ ಹೊಸ ಕೀಲಿಗೂ ಕೀವು ಹತ್ತತ್ತೆ. ನರದಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಜೀವಕ್ಕೇ ಅಪಾಯ” ಎಂದರು.

ನರಕ್ಕೆ ಲೇಸರ್ ಮಾಡಿದರು. ಆಮೇಲೆ ಮಂಡಿಯವರೆಗೆ ಬರುವ ಬಿಗಿ ಕಾಲುಚೀಲ ಕೊಟ್ಟು, ಬೆಳಿಗ್ಗೆ ಹಾಸಿಗೆ ಬಿಡುವ ಮುಂಚೆ ಹಾಕಬೇಕು, ರಾತ್ರಿ ತೆಗೆಯಬೇಕು, ಹುಣ್ಣು ಮುಚ್ಚಿದರೆ ಸೊಂಟದ ಆಪರೇಷನ್ ಎಂದರು. ನನಗೆ ಬಗ್ಗಲು ಆಗುವುದಿಲ್ಲ. ಮಗಳು ಗೀತಾ ನಗರ್ತಪೇಟೆಯ ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಡುವ ಮುಂಚೆ ನನ್ನ ಕಾಲ ಬುಡದಲ್ಲಿ ಕೂತು, ಬೆವರು ಸುರಿಸಿ, ಆ ಚೀಲ ಏರಿಸುತ್ತಿದ್ದಳು. ಅವಳು ಎಳೆಯುವಳು, ನಾನು ಕಿರುಚುವೆ. ಕಾಲು ಹಿಂಡಿ ಹಾಕುತ್ತಿತ್ತು.

ಆಷಾಢದ ವೇಳೆಗೆ ಚೀಲ ಸಲೀಸಾಗಿ ಏರತೊಡಗಿತು. “ಅಮ್ಮಾ, ನಿನ್ ಕಾಲು ಊತ ಇಳಿದಿದೆ ಕಣಮ್ಮಾ!” ಎಂದು ಗೀತಾ ಕುಣಿದಾಡಿದಳು. ನನಗೂ ಹಿಂಡುವ ನೋವು ಮಾಯ. ಶುಕ್ರವಾರ ಗುಡಿಯಲ್ಲಿ ಮೈಕ್ ಹಿಡಿದು, ಅಮ್ಮ ನನ್ನ ಕಾಲು ಸಣ್ಣ ಮಾಡಿದಳು ಎಂದು ಕಣ್ಣೀರು ಹಾಕಿಕೊಂಡು ಹೇಳಿದೆ. ನೀವೆಲ್ಲ ಕೈಮುಗಿದಿರಿ. ಕೆಲವರು ಇನ್ನೂ ಅದನ್ನೇ ನಂಬಿಕೊಂಡಿದ್ದೀರಿ. ಅದು ಸುಳ್ಳು. ಅದನ್ನು ಹೇಳಲಿಕ್ಕೇ ಈಗ ಬರೆಯುತ್ತಿದ್ದೇನೆ.

ಹುಣ್ಣು ಮುಚ್ಚಲಿಲ್ಲ, ಇನ್ನಷ್ಟು ಅಗಲವಾಯಿತು. ಕಲಾಸಿಪಾಳ್ಯದಿಂದ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗುವುದೆಂದರೆ ಬಸ್ಸಿನ ಮೆಟ್ಟಿಲು ಹತ್ತುವಷ್ಟರಲ್ಲಿ ಪ್ರಾಣ ಬಾಯಿಗೆ ಬರುತ್ತಿತ್ತು. ಒಳಗೆ ಕರೆಯುವ ಮುಂಚೆಯೇ ಗೀತಾ ಚೀಲ ಬಿಚ್ಚಿ ಮಡಿಸಿ ಬ್ಯಾಗಿಗೆ ಹಾಕುತ್ತಿದ್ದಳು. ಡಾಕ್ಟರು ಹುಣ್ಣು ನೋಡಿ, “ಕಾಲುಚೀಲ ಹಾಕ್ತಿದೀರಾ?” ಎನ್ನುವರು. “ಒಂದು ದಿನಾನೂ ತಪ್ಪಿಸಿಲ್ಲ ಸಾರ್” ಎನ್ನುವೆ. ಆಪರೇಷನ್ ಮುಂದಕ್ಕೆ ಹೋಯಿತು. ಶ್ರಾವಣದಲ್ಲಿ ಮತ್ತೆ ಮುಂದಕ್ಕೆ ಹೋಯಿತು. ಕೊನೆಗೆ ಭಾದ್ರಪದದಲ್ಲಿ, “ಹಿಂಗೇ ಇದ್ರೆ ಸೊಂಟದ ಆಸೆ ಬಿಡ್ಬೇಕಾಗತ್ತಮ್ಮ” ಎಂದು ಫೈಲು ಮುಚ್ಚಿದರು. ಅಲ್ಲಿಂದ ಹೊರಗೆ ಬಂದು ಬೆಂಚಿನ ಮೇಲೆ ಕೂತವಳಿಗೆ ಏಳಲು ಮನಸ್ಸೇ ಬರಲಿಲ್ಲ.

ಆ ಶುಕ್ರವಾರ ಗುಡಿಗೆ ಹೋದದ್ದು ಬೇಡಲಿಕ್ಕಲ್ಲ, ಇನ್ನು ನಿನ್ನ ಬಾಗಿಲಿಗೆ ಬರುವುದಿಲ್ಲ ಎಂದು ಅಮ್ಮನಿಗೆ ಹೇಳಿ ಬರಲಿಕ್ಕೆ. ಮೆಟ್ಟಿಲು ಹತ್ತಲಾಗದೆ, ಹೂವಿನ ಸರೋಜಕ್ಕನ ಪಕ್ಕದ ಕಟ್ಟೆಯ ಮೇಲೆ ಕುಸಿದೆ. ಕಾಲುಚೀಲ ಜಾರಿ ಹರಡಿನ ಹತ್ತಿರ ಮುದ್ದೆಯಾಗಿತ್ತು. ಸರೋಜಕ್ಕ ಹೂ ಕಟ್ಟುವುದನ್ನು ನಿಲ್ಲಿಸಿ ನೋಡಿದಳು.

“ಇದ್ಯಾಕೆ ಲಕ್ಷ್ಮೀ, ಹಿಂಗೆ ಜೋತಾಡ್ತಿದೆ?”

“ಹಿಂಗೇ ಇರತ್ತೆ ಅಕ್ಕ.”

ಅವಳು ಸೀರೆ ಎತ್ತಿ ತನ್ನ ಕಾಲು ತೋರಿಸಿದಳು. ನನ್ನದರಂಥದೇ ಚೀಲ. “ಎಲ್ಲಿ, ಬೆರಳು ತೂರ್ಸು ನೋಡಣ.” ತೂರಲಿಲ್ಲ. ನನ್ನದರೊಳಗೆ ಅವಳ ಇಡೀ ಅಂಗೈ ಹೋಯಿತು.

“ಏನ್ಮಾಡ್ದೆ ಇದಕ್ಕೆ?”

“ಏನೂ ಇಲ್ಲ. ಒಗೆದು ಇಸ್ತ್ರಿ ಹಾಕ್ತೀನಿ, ಅಷ್ಟೆ.”

“ಅಯ್ಯೋ, ನಿನ್ ಇಸ್ತ್ರಿ ಪೆಟ್ಟಿಗೆ ಹಾಳಾಗ! ಅದ್ರಲ್ಲಿ ರಬ್ಬರ್ ಇರತ್ತೆ ಕಣೇ, ರಬ್ಬರ್! ಬಿಸಿ ತಾಗಿದ್ರೆ ಉಳಿಯತ್ತಾ?”

ಹೌದು, ದಿನವೂ ಇಸ್ತ್ರಿ ಹಾಕಿದ್ದೆ. ಮಳೆಗಾಲ, ಒಗೆದದ್ದು ಒಣಗುತ್ತಿರಲಿಲ್ಲ. ಮೇಲೆ ತೆಳ್ಳನೆ ಬಟ್ಟೆ ಹಾಸಿ, ಸುಕ್ಕಿಲ್ಲದ ಹಾಗೆ, ರೇಷ್ಮೆ ಸೀರೆಗೆ ತೋರುವಷ್ಟು ಮರ್ಯಾದೆ ತೋರಿಸಿ ಒತ್ತಿದ್ದೆ. ಆಸ್ಪತ್ರೆಗೆ ಮುದುರಿದ್ದನ್ನು ಹಾಕಿಕೊಂಡು ಹೋಗಬಾರದು ಎಂಬ ಹೆಮ್ಮೆ ಬೇರೆ. ಜೊತೆಗೆ ಬಂದಿದ್ದ ಚೀಟಿ ಪೂರ್ತಿ ಇಂಗ್ಲಿಷ್. ಮೊದಲ ದಿನವೇ ಏನು ಕೆಲಸ ಎಂದು ಕೇಳಿ ‘ಇಸ್ತ್ರಿ’ ಎಂದು ಬರೆದುಕೊಂಡ ಆಸ್ಪತ್ರೆಯವರು, ಇದಕ್ಕೊಂದು ಇಸ್ತ್ರಿ ಹಾಕಬೇಡಮ್ಮ ಎಂದು ಒಂದು ಮಾತು ಹೇಳಲಿಲ್ಲ. ಮನೆಗೆ ಬಂದು, ದಿನಾ ಎಳೆಯುವ ನಿನಗಾದರೂ ಗೊತ್ತಾಗಬಾರದಿತ್ತಾ ಎಂದು ಗೀತಾಳ ಮೇಲೆ ಹಾರಾಡಿದೆ.

“ಇಸ್ತ್ರಿ ಹಾಕಿದ್ದು ಯಾರಮ್ಮ?” ಎಂದಳು ಅವಳು. ಇಬ್ಬರೂ ಆ ದಿನ ಊಟ ಮಾಡಲಿಲ್ಲ.

ಹೊಸ ಚೀಲ ತಂದೆವು. ಮತ್ತೆ ಅದೇ ಎಳೆದಾಟ, ಅದೇ ಕಿರುಚಾಟ. ಐದು ವಾರಕ್ಕೆ ಹುಣ್ಣು ಮುಚ್ಚಿತು. ಡಾಕ್ಟರು ಕಾಲು ಒತ್ತಿ ನೋಡಿ, “ಈಗ ಮಾಡ್ಬಹುದು” ಎಂದರು. ಕಾರ್ತಿಕದಲ್ಲಿ ಆಪರೇಷನ್ ಆಯಿತು. ವಾಕರ್ ಹಿಡಿದು, ಆಮೇಲೆ ಕೋಲು ಹಿಡಿದು, ಈಗ ಏನನ್ನೂ ಹಿಡಿಯದೆ ಓಡಾಡುತ್ತೇನೆ. ಬಂಡಿಯ ಹಿಂದೆ ಎತ್ತರದ ಸ್ಟೂಲು ಹಾಕಿಕೊಂಡಿದ್ದೇನೆ.

ಸರೋಜಕ್ಕನ ಬಾಯಲ್ಲಿ ಮಾತಾಡಿದ್ದು ಅಮ್ಮನೇ ಎಂದು ನೀವೆಲ್ಲ ಹೇಳುತ್ತೀರಿ. ನಾನೂ ಹಾಗೆಯೇ ನಂಬಿದ್ದೇನೆ. ಬಿಟ್ಟು ಹೋಗಲು ಬಂದವಳನ್ನು ಬಾಗಿಲಲ್ಲೇ ಕೂರಿಸಿ ಕಾಲು ಕೊಟ್ಟಳು, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ನಾನು ಮೈಕಿನಲ್ಲಿ ಆ ಸುಳ್ಳು ಮಹಿಮೆ ಹೇಳಿದ ದಿನವೂ ಸರೋಜಕ್ಕ ಅಲ್ಲೇ ಕೂತು ಹೂ ಕಟ್ಟುತ್ತಿದ್ದಳು. ಅವತ್ತೇ ಅಮ್ಮ ಯಾಕೆ ಅವಳ ಬಾಯಿ ತೆರೆಸಲಿಲ್ಲ? ನನ್ನ ಹುಣ್ಣು ಅಗಲವಾಗುವುದನ್ನು ಅಷ್ಟು ದಿನ ಯಾಕೆ ಸುಮ್ಮನೆ ನೋಡಿದಳು? ಪ್ರತಿ ಶುಕ್ರವಾರ ಮೆಟ್ಟಿಲು ಹತ್ತಿ, ಅಮ್ಮನ ಎದುರಿಗೆ ನಿಂತು ಇದನ್ನೇ ಕೇಳುತ್ತೇನೆ. ಅವಳು ಇನ್ನೂ ಹೇಳಿಲ್ಲ. ನಾನು ಬಿಡುವವಳಲ್ಲ, ಬರುವ ಶುಕ್ರವಾರವೂ ಹೋಗುತ್ತೇನೆ. ಅವಳು ಅಲ್ಲಿಲ್ಲ ಎಂದು ಒಂದು ಕ್ಷಣ ಅನ್ನಿಸಿದ್ದರೂ ಯಾರ ಜೊತೆ ಇಷ್ಟು ಜಗಳ ಆಡುತ್ತಿದ್ದೆ?