ಹೊಸ್ತಿಲಿನೊಳಗೆ ಇಳಿದ ಹೆಬ್ಬೆರಳು

ಅರಿಶಿನ ಹಚ್ಚುತ್ತಿದ್ದಾಗ ನನ್ನ ಹೆಬ್ಬೆರಳು ಹೊಸ್ತಿಲಿನೊಳಗೇ ಇಳಿದುಹೋಯಿತು. ಒಳಗೆಲ್ಲ ಕೊಳೆತ ಮರದ ಪುಡಿ, ಹರಿದಾಡುವ ಗೆದ್ದಲು. ಮಿಡಿಗೇಶಿಯ ಆ ಮನೆಗೆ ನಾನು ಸೊಸೆಯಾಗಿ ಬಂದ ಹೊಸತು. ನನ್ನ ಕಾಲ್ಗುಣ ಸರಿಯಿಲ್ಲ ಎನ್ನುತ್ತಾರೇನೋ ಎಂದು ಅಳುಕುತ್ತಲೇ ಅತ್ತೆಯನ್ನು ಕರೆದೆ.

ಹೊಸ್ತಿಲನ್ನು ಯಾರಿಗೂ ತುಳಿಯಲು ಬಿಡದ ಅತ್ತೆ ಕುಡುಗೋಲು ತಂದು ಕುಳಿತರು. ಅದರ ಹಿಡಿಯಿಂದ ಹೊಸ್ತಿಲನ್ನೂ ಬಾಗಿಲ ಚೌಕಟ್ಟನ್ನೂ ತಟ್ಟಿ ತಟ್ಟಿ ಕಿವಿಗೊಟ್ಟರು. ಹೊಸ್ತಿಲು ಟೊಳ್ಳು, ಚೌಕಟ್ಟು ಗಟ್ಟಿ.

“ದಿನಾ ಕೊಡಗಟ್ಲೆ ನೀರು ಸುರ್ದು ನಾನೇ ಕೊಳೆಸ್ಬುಟ್ಟೆ ಕಣಮ್ಮ. ನೀನ್ ಬಂದಿದ್ಕೆ ಬಾಗ್ಲಾದ್ರೂ ಉಳ್ಕಂತು” ಎಂದರು.

ಈಗ ಹೊಸ ಹೊಸ್ತಿಲನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ, ಅಷ್ಟೆ. ಶುಕ್ರವಾರ ಅತ್ತೆ ಮೊದಲು ತಟ್ಟಿ ಕೇಳುತ್ತಾರೆ. ಗಟ್ಟಿ ಸದ್ದು ಬಂದ ಮೇಲೆಯೇ ಅರಿಶಿನದ ಬಟ್ಟಲನ್ನು ನನ್ನ ಕೈಗೆ ಕೊಡುತ್ತಾರೆ.