ತಾಂಡಾದವರ ಬೆರಳಿನ ಮಸಿ

ಎಪ್ಪತ್ತರ ದಶಕದ ಒಂದು ಚುನಾವಣೆಯಲ್ಲಿ ಬಬಲೇಶ್ವರದ ಹತ್ತಿರದ ಶಾಲೆಯೊಂದರಲ್ಲಿ ನನಗೆ ಮತಗಟ್ಟೆಯ ಕೆಲಸ ಬಿದ್ದಿತ್ತು. ಮತದಾರರ ಬೆರಳಿಗೆ ಶಾಯಿ ಹಚ್ಚುವವನು ನಾನೇ. ಮಧ್ಯಾಹ್ನವಾದರೂ ಪಕ್ಕದ ಲಂಬಾಣಿ ತಾಂಡಾದಿಂದ ಯಾರೂ ಬಂದಿರಲಿಲ್ಲ. ಕೊನೆಗೆ ತೋಳಿನ ತುಂಬ ಬಳೆ ತೊಟ್ಟ ಒಬ್ಬ ಮುದುಕಿ ಬಂದಳು. ಅವಳ ಬೆರಳಿಗೆ ಆಗಲೇ ಮಸಿ ಇತ್ತು.

"ಓಟು ಹಾಕಿ ಆಗೇತಲ್ಲ, ಮತ್ತ ಯಾಕ ಬಂದಿ ಬೇ ಆಯಿ?" ಎಂದೆ.

"ನಿನ್ನಿ ಜೀಪಿನಾಗ ಬಂದವರು ತಾಂಡಾದ ಮಂದಿಗೆಲ್ಲಾ ಇದನ್ನ ಹಚ್ಚಿ, ನಿಮ್ಮ ಓಟು ಮುಗೀತು, ಸಾಲಿ ಕಡೆ ಬರಬ್ಯಾಡ್ರಿ ಅಂದ್ರು. ಚೀಟಿ ಇಲ್ಲ, ಪೆಟ್ಟಿಗಿ ಇಲ್ಲ, ಅದೆಂಥಾ ಓಟ್ರಿ? ಕೇಳಾಕ ಬಂದೇನಿ."

ಮತಗಟ್ಟೆಯ ಮುಖ್ಯಸ್ಥರು ವಿಜಾಪುರದ ಒಬ್ಬ ಮುಸಲ್ಮಾನ ಮಾಸ್ತರರು. ಅವರು ಎದ್ದು ಬಂದು ಅವಳ ಕೈಗೆ ನೀರು ಹಾಕಿ, ಸಾಬೂನು ಕೊಟ್ಟರು. ತಿಕ್ಕಿದೊಡನೆ ಮಸಿ ತೊಳೆದುಹೋಯಿತು.

"ಇದು ಬರಿಯೋ ಮಸಿ ಯವ್ವಾ, ಓಟಿನ ಶಾಯಿ ಹಿಂಗ ತೊಳದ್ರ ಹೋಗೂದಿಲ್ಲ. ನಿಮ್ಮ ಓಟು ಇನ್ನೂ ನಿಮ್ಮ ಕೈಯಾಗ ಐತಿ. ಹಾಕಿ ಹೋಗಿ, ಎಲ್ಲಾರ್ನೂ ಕರಕೊಂಡು ಬರ್ರಿ" ಎಂದರು.

ಸಂಜೆಯೊಳಗೆ ಇಡೀ ತಾಂಡಾ ಬಂದು ಸಾಲಾಗಿ ನಿಂತಿತು. ಒಬ್ಬೊಬ್ಬರ ಬೆರಳಿನ ಮಸಿ ತೊಳೆಸಿ, ನಾನು ಓಟಿನ ಶಾಯಿ ಹಚ್ಚಿದೆ. ಜೀಪಿನವರು ಯಾರೆಂದು ಮಾತ್ರ ಕೊನೆಗೂ ಯಾರೂ ಬಾಯಿಬಿಡಲಿಲ್ಲ.